ಟಾಟಾ 1210, ಬಾಡಿ ಕೋಲಾರದ್ದು

ಪ್ರವೇಶದ ಅರ್ಜಿ ಒಂದೇ ಹಾಳೆಯದು. ವಾಹನದ ಹೆಸರು, ಮಾಡೆಲ್, ತಯಾರಾದ ವರ್ಷ, ನೋಂದಣಿ ಸಂಖ್ಯೆ ತುಂಬುವವರೆಗೆ ಪೆನ್ನು ಸರಾಗವಾಗಿ ಓಡಿತು. ಆಮೇಲೆ ಬಂತು ನೋಡಿ ಪ್ರಶ್ನೆ: ವಾಹನ ಮೂಲ ಸ್ಥಿತಿಯಲ್ಲಿದೆಯೇ, ಮಾರ್ಪಾಡಾಗಿದೆಯೇ? ಪಕ್ಕದಲ್ಲಿ ಎರಡು ಚೌಕ, ಒಂದಕ್ಕೆ ಗುರುತು ಹಾಕಬೇಕು. ಅಪ್ಪನನ್ನೇ ಕೇಳೋಣವೆಂದು ಹೊರಗೆ ಬಂದೆ. 2023ರ ಸಂಕ್ರಾಂತಿಯ ಆಸುಪಾಸು. ಮುಳಬಾಗಿಲಿನ ನಮ್ಮ ಮನೆಯ ಜಗಲಿಯಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತಿದ್ದ.

"ಮೂಲ ಅಂದ್ರೆ ಯಾವ್ ಮೂಲ?" ಅಂದ. "ಕಂಪ್ನಿಯೋರು ಕೊಟ್ಟಿದ್ದು ಎಂಜಿನ್ನು, ಆರು ಚಕ್ರ, ಒಂದು ಸ್ಟೇರಿಂಗು. ಮಿಕ್ಕಿದ್ದೆಲ್ಲ ನಾವು ಮಾಡಿಸ್ಕೊಂಡಿದ್ದು. ಅದು ಎಲ್ಲಿಗೆ ಬತ್ತದೋ ಅಲ್ಲಿಗಾಕು."

ಈ ಅರ್ಜಿ ತಂದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಅಲ್ಲೊಂದು ಮೈದಾನದಲ್ಲಿ ಶನಿವಾರ ಭಾನುವಾರ ಹಳೆಯ ಕಾರು, ಜೀಪು, ಮೋಟಾರ್ ಸೈಕಲ್ಲುಗಳ ಪ್ರದರ್ಶನವಿದೆ, ತಾತನ ಲಾರಿಯನ್ನು ಅಲ್ಲಿ ನಿಲ್ಲಿಸಲೇಬೇಕು ಎಂದು ಹಟ ಹಿಡಿದಿದ್ದ. ಅಪ್ಪನ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಕೊಡ್ತಾರೆ ಎಂಬುದು. ಕೊಡುವುದಿಲ್ಲ, ಪ್ರವೇಶಕ್ಕೆ ನಾವೇ ಕಟ್ಟಬೇಕು ಎಂದಾಗ ಮೊಮ್ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಮೊಮ್ಮಗ ಎಂಬ ಒಂದೇ ಕಾರಣಕ್ಕೆ ಒಪ್ಪಿದ.

ಅಪ್ಪ ಚಕ್ರ, ಎಂಜಿನ್ನು, ಸ್ಟೇರಿಂಗು ಅಂದದ್ದು ಬಾಯಿಮಾತಿಗಲ್ಲ. ತೊಂಬತ್ತರ ದಶಕದಲ್ಲೂ ನಮ್ಮಲ್ಲಿ ಲಾರಿ ಕೊಳ್ಳುವುದೆಂದರೆ ಬಹುಪಾಲು ಚಾಸಿ ಕೊಳ್ಳುವುದೇ. ಎರಡು ಉದ್ದನೆಯ ಉಕ್ಕಿನ ತೊಲೆ, ಮೇಲೆ ಎಂಜಿನ್ನು, ಗೇರ್‌ಬಾಕ್ಸು, ಮುಂದೆ ಒಂದು ಮೂತಿ. ಬಾಗಿಲಿಲ್ಲ, ಸೂರಿಲ್ಲ, ಸರಿಯಾದ ಸೀಟೂ ಇಲ್ಲ. ಎಣ್ಣೂರಿನ ಲೇಲ್ಯಾಂಡ್ ಕಾರ್ಖಾನೆಯಿಂದ ಹೊರಟ ಚಾಸಿಗಳು ಮದ್ರಾಸ್ ರಸ್ತೆಯಲ್ಲಿ ಸಾಲುಗಟ್ಟಿ ನಮ್ಮೂರು ದಾಟುತ್ತಿದ್ದವು. ಡ್ರೈವರ್‌ಗಳು ಹಲಗೆಯ ಮೇಲೆ ಕೂತು, ತಲೆಗೂ ಮೂಗಿಗೂ ಟವಲ್ ಸುತ್ತಿ, ಕಪ್ಪು ಕನ್ನಡಕ ಹಾಕಿಕೊಂಡು ಬಯಲಿನಲ್ಲೇ ಲಾರಿ ಓಡಿಸುತ್ತಿದ್ದರು. ಮಳೆ ಬಂದರೆ ನೆನೆಯುತ್ತಿದ್ದರು. ಶಾಲೆಯಿಂದ ಬರುವಾಗ ನಾವು ಹುಡುಗರು ರಸ್ತೆ ಬದಿಯಲ್ಲಿ ನಿಂತು ಕೈ ಬೀಸುತ್ತಿದ್ದೆವು. ಅವರಿಗೂ ನಮಗೂ ನಡುವೆ ಗಾಜಿರಲಿಲ್ಲವಾದ್ದರಿಂದ ಅವರು ಬೈದದ್ದು ನಮಗೆ ನೇರವಾಗಿ ಕೇಳಿಸುತ್ತಿತ್ತು.

ನಮ್ಮದು ಟಾಟಾ 1210. ಮೊದಲೆರಡು ಅಂಕಿ ಸರಕೂ ಸೇರಿದ ಒಟ್ಟು ತೂಕ, 12 ಟನ್. ಕೊನೆಯೆರಡು ಎಂಜಿನ್ನಿನ ತಾಕತ್ತು, ನೂರು ಕುದುರೆಯ ಆಸುಪಾಸು. 1986ರಲ್ಲಿ ಬಂದ 407ಕ್ಕೂ ಇದೇ ಲೆಕ್ಕ. ಅಪ್ಪನ ವಯಸ್ಸಿನವರು ಇದನ್ನು ಈಗಲೂ ಟಾಟಾ ಬೆಂಜ್ ಎಂದೇ ಕರೆಯುತ್ತಾರೆ. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ 1954ರಲ್ಲಿ ಮಾಡಿಕೊಂಡ ಒಪ್ಪಂದ 1969ಕ್ಕೇ ಮುಗಿದು, ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾ ಗುರುತು ಬಂದಿದ್ದರೂ, ಅಪ್ಪನ ಬಾಯಲ್ಲಿ ಬೆಂಜ್ ಹೋಗಿಲ್ಲ.

1993ರಲ್ಲಿ ಫೈನಾನ್ಸ್ ಸಾಲದಲ್ಲಿ ಚಾಸಿ ಕೊಂಡು ಅಪ್ಪನೇ ಬೆಂಗಳೂರಿನಿಂದ ಕೋಲಾರಕ್ಕೆ ಓಡಿಸಿಕೊಂಡು ಬಂದ. ಬಾಡಿ ಕಟ್ಟಲು ತಮಿಳುನಾಡಿನ ನಾಮಕ್ಕಲ್‌ಗೆ ಹೋಗಬಹುದಿತ್ತು. ಲಾರಿಯ ಬಾಡಿ ಕಟ್ಟುವುದಕ್ಕೆ ದಕ್ಷಿಣದಲ್ಲೆಲ್ಲ ಹೆಸರಾದ ಊರು ಅದು. ಪಕ್ಕದ ತಿರುಚೆಂಗೋಡಿನ ಬೋರ್‌ವೆಲ್ ಲಾರಿಗಳಂತೂ ಕೋಲಾರದ ಭೂಮಿಯನ್ನು ಕೊರೆದು ಕೊರೆದೇ ಹೊಟ್ಟೆ ಹೊರೆದಿವೆ. ಆದರೆ ಅಪ್ಪನಿಗೆ ಕಟ್ಟುವಾಗ ಎದುರಿಗೇ ಇರಬೇಕು ಎನ್ನುವ ಛಲ. ಕೋಲಾರದ ಹೊರಗೆ ಒಂದು ಶೆಡ್ಡಿತ್ತು. ಅಲ್ಲಿನ ಆಚಾರರು ಕೇಳಿದ ಮೊದಲ ಮಾತು ನನಗೆ ನೆನಪಿದೆ. ಬಣ್ಣ ಯಾವುದು, ಹೂವು ಯಾವುದು ಅಂತ ಕೇಳಲಿಲ್ಲ. "ಏನ್ ಲೋಡ್ ಹೊಡೀತೀಯಪ್ಪ?" ಅಂತ ಕೇಳಿದರು.

"ಮಾಲೂರು ಹೆಂಚು, ಇಟ್ಟಿಗೆ" ಅಂದ ಅಪ್ಪ.

ಅಷ್ಟಕ್ಕೇ ಲಾರಿಯ ಆಕಾರ ತೀರ್ಮಾನವಾಯಿತು. ಇಟ್ಟಿಗೆಗೆ ಪಕ್ಕದ ಹಲಗೆ ಎತ್ತರವಿರಬಾರದು, ಆಳುಗಳು ನಿಂತಲ್ಲಿಂದಲೇ ಇಳಿಸಿಕೊಳ್ಳಬೇಕು. ತಳದ ಹಲಗೆ ದಪ್ಪವಿರಬೇಕು. ಹಿಂದಿನ ಡೋರು ಪೂರ್ತಿ ಕೆಳಕ್ಕೆ ಬೀಳಬೇಕು. ಡೋರಿನ ಕೊಂಡಿಗಳನ್ನು ಆಚಾರರ ತಮ್ಮ ಕುಲುಮೆಯಲ್ಲೇ ಬಡಿದ. ಮರದ ಕ್ಯಾಬಿನ್ನಿಗೆ ತಗಡು ಹೊದಿಸಿ, ಒಳಗೆ ಸೂರಿಗೆ ಕೆಂಪು ರೆಕ್ಸಿನ್ ಬಡಿದು, ಗುಂಡಿ ಹೊಲಿದರು. ಡ್ಯಾಶ್‌ಬೋರ್ಡಿನ ನಡುವೆ ದೇವರಿಗೊಂದು ಗೂಡು. ನಾನು ರಜೆಯಲ್ಲಿ ಅಲ್ಲೇ ಬಿದ್ದಿರುತ್ತಿದ್ದೆ. ಅಳತೆಪಟ್ಟಿಗಿಂತ ಹೆಚ್ಚಾಗಿ ಅಪ್ಪನ ಮೈಯೇ ಅಲ್ಲಿ ಅಳತೆಯಾಗಿತ್ತು. ಅಪ್ಪ ಕುಳ್ಳ. ಸೀಟನ್ನು ಅವನಿಗೆ ತಕ್ಕಂತೆ ಎತ್ತರಿಸಿದರು, ಕಿಟಕಿಯ ಅಂಚನ್ನು ಅವನ ಮೊಣಕೈ ಊರುವಷ್ಟಕ್ಕೆ ಇಳಿಸಿದರು. ಇವತ್ತಿಗೂ ಆ ಸೀಟಿನಲ್ಲಿ ಕೂತರೆ ನನ್ನ ತಲೆ ಸೂರಿಗೆ ತಾಗುತ್ತದೆ.

ಮೊದಲ ಪೂಜೆ ಕುರುಡುಮಲೆ ಗಣಪನ ಎದುರು. ನಮ್ಮ ಕಡೆ ಹೊಸದಾಗಿ ಏನು ಶುರುಮಾಡಿದರೂ ಅಲ್ಲಿಗೆ ಹೋಗಬೇಕು. ಆಳೆತ್ತರವನ್ನೂ ಮೀರಿದ ಏಕಶಿಲೆಯ ಆ ಗಣಪನೆದುರು ನಾಲ್ಕು ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಪಚ್ಚೆಂದದ್ದೇ, ಮಾರನೇ ದಿನದಿಂದ ಹೆಂಚಿನ ಲೋಡು.

ಪ್ರದರ್ಶನಗಳಲ್ಲಿ ಜನ ಲಾರಿಯ ಬಣ್ಣ ನೋಡುತ್ತಾರೆ. ಆದರೆ ಆಗಿನ ಲಾರಿಗಳಿಗೆ ಬಣ್ಣದ ಸ್ವಾತಂತ್ರ್ಯ ನಾವಂದುಕೊಂಡಷ್ಟು ಇರಲಿಲ್ಲ. ನ್ಯಾಷನಲ್ ಪರ್ಮಿಟ್ ಲಾರಿಯಾದರೆ ಬಾಡಿಗೆ ಒಣಗಿದ ಎಲೆಯ ಕಂದು ಬಣ್ಣ, ದಪ್ಪನೆಯ ಬಿಳಿ ಅಂಚು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳಿದ್ದವು. ದೇಶದ ಹೆದ್ದಾರಿಗಳಲ್ಲೆಲ್ಲ ಒಂದೇ ಇಟ್ಟಿಗೆಗಂದು ಕಾಣುತ್ತಿದ್ದದ್ದಕ್ಕೆ ಕಾರಣ ಡ್ರೈವರ್‌ಗಳ ಅಭಿರುಚಿಯಲ್ಲ, ಸರ್ಕಾರದ ಆ ಒಂದು ಸಾಲು. ಪೇಂಟರ್‌ಗೆ ಉಳಿಯುತ್ತಿದ್ದದ್ದು ಹಣೆ, ಬಾಗಿಲು, ಡೀಸೆಲ್ ಟ್ಯಾಂಕು, ಹಿಂದಿನ ಡೋರು. ಆ ಇಷ್ಟಗಲದಲ್ಲೇ ನವಿಲು, ಕಮಲ, ಜೋಡಿ ಗಿಳಿ, ತಾಯಿ ತಂದೆಯ ಆಶೀರ್ವಾದ, ಮಾಲೀಕನ ಮಕ್ಕಳ ಹೆಸರು, ಸೌಂಡ್ ಹಾರ್ನ್, ಎಲ್ಲವೂ ಹಿಡಿಸಬೇಕು. ನನ್ನ ಹೆಸರೂ ತಂಗಿಯ ಹೆಸರೂ ಬಲಗಡೆ ಬಾಗಿಲ ಮೇಲೆ ಇದ್ದವು. ನಂಗಲಿ ಚೆಕ್‌ಪೋಸ್ಟಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ ಲಾರಿಗಳ ಸಾಲು ಇದೆಯಲ್ಲ, ಅದೇ ನಾನು ಕಂಡ ಮೊದಲ ವಾಹನ ಪ್ರದರ್ಶನ. ಪಂಜಾಬಿನದು, ಆಂಧ್ರದ್ದು, ನಾಮಕ್ಕಲ್ಲಿನದು ಎಂದು ಹಿಂದಿನ ಡೋರು ನೋಡಿಯೇ ಹೇಳುತ್ತಿದ್ದೆ. ಅಪ್ಪ ಕಾಗದಪತ್ರ ಹಿಡಿದು ಒಳಗೆ ಹೋದರೆ, ನಾನು ಸಾಲಿನ ಕೊನೆಯವರೆಗೆ ನಡೆದು ಬರುತ್ತಿದ್ದೆ.

ಇನ್ನೊಂದು ನಿಯಮದಿಂದ ನಮ್ಮ ಲಾರಿಗೆ ಬಣ್ಣ ಬಂತು. ಆರು ಚಕ್ರದ ಲಾರಿಗೆ ಹನ್ನೆರಡು ವರ್ಷ ದಾಟಿದ ಮೇಲೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. 2005ಕ್ಕೆ ನಮ್ಮದು ರಾಜ್ಯದೊಳಗೇ ಓಡಬೇಕಾದ ಗಾಡಿಯಾಯಿತು. ಅಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಚೆನ್ನೈನ ಕೊಯಂಬೇಡು ಮಾರ್ಕೆಟ್ಟಿಗೆ ಟೊಮೆಟೊ ಒಯ್ದು ಬರುತ್ತಿದ್ದವನು ಅವನು. ಆದರೆ ನಮ್ಮ ಲಾರಿಗೆ ಮೊದಲಿನಿಂದಲೂ ಬಣ್ಣ ಬರೆಯುತ್ತಿದ್ದ ಪೇಂಟರ್ ಭಾಯ್ ಮಾತ್ರ ಖುಷಿಯಾಗಿದ್ದರು. "ಇನ್ಮೇಲೆ ಯಾರೂ ಕೇಳಲ್ಲ ಅಣ್ಣ" ಎಂದು ಕಂದು ಬಣ್ಣದ ಮೇಲೆ ಹಸಿರು ಹೊಡೆದು, ಅದರ ಮೇಲೆ ಹಳದಿ ಬಳ್ಳಿ ಬಿಟ್ಟರು.

ಅಷ್ಟು ಹೊತ್ತಿಗೆ ಬಾಡಿಯೂ ಬದಲಾಗಿತ್ತು. ಹೆಂಚಿನ ಕಾಲ ಇಳಿದು ಎಲ್ಲರೂ ಆರ್‌ಸಿಸಿ ಹಾಕತೊಡಗಿದ್ದರು. ಕೆಲಕಾಲ ನೀಲಗಿರಿ ಮರ ಹೊತ್ತೆವು, ಅದಕ್ಕೆ ಪಕ್ಕದಲ್ಲಿ ಕಬ್ಬಿಣದ ಗೂಟ ಬಂದವು. ಆಮೇಲೆ ಟೊಮೆಟೊ. ಮರದ ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಕ್ರೇಟ್ ಬಂದಾಗ ಪಕ್ಕದ ಹಲಗೆಯನ್ನು ಎತ್ತರಿಸಿ, ಗಾಳಿಯಾಡಲು ಸಂದು ಬಿಟ್ಟು ಪಟ್ಟಿ ಹೊಡೆಸಿದ. ಮೇ ಬಂತೆಂದರೆ ಶ್ರೀನಿವಾಸಪುರದ ಮಾವು. ಬಾದಾಮಿ, ರಸಪುರಿ, ಬೇನಿಷಾ ಕಾಯಿಗಳನ್ನು ಹುಲ್ಲು ಹಾಸಿ ಮೃದುವಾಗಿ ತುಂಬಬೇಕು. ತೋತಾಪುರಿಯಾದರೆ ಹಾಗೇ ಸುರಿಯಬಹುದು, ಹೇಗೂ ಫ್ಯಾಕ್ಟರಿಯಲ್ಲಿ ರಸವಾಗುವ ಕಾಯಿ. ಎರಡಕ್ಕೂ ಸರಿಹೋಗುವಂತೆ ಅಪ್ಪ ತಳಕ್ಕೆ ಕಳಚಿಡಬಹುದಾದ ಇನ್ನೊಂದು ಹಲಗೆಯ ಪದರ ಹಾಕಿಸಿದ. ಕೋಲಾರ ಜಿಲ್ಲೆಯ ಮೂವತ್ತು ವರ್ಷದ ಕಥೆಯನ್ನು ಯಾರಾದರೂ ಬರೆಯುವುದಾದರೆ ಕಚೇರಿಯ ಕಡತಗಳ ಜೊತೆಗೆ ನಮ್ಮ ಲಾರಿಯ ಪಕ್ಕದ ಹಲಗೆಗಳಲ್ಲಿರುವ ಮೊಳೆಯ ತೂತುಗಳನ್ನೂ ನೋಡಲಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಬೋರಿನ ನೀರನ್ನೇ ನಂಬಿ ಏನೇನು ಬೆಳೆಯಿತು, ಯಾವಾಗ ಬಿಟ್ಟಿತು, ಎಲ್ಲ ಅಲ್ಲಿದೆ.

ಇದರ ಮೇಲೆ ಪಲ್ಲಕ್ಕಿ ಬೇರೆ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಹೂವಿನ ಪಲ್ಲಕ್ಕಿ ನೋಡದವರಿಗೆ ವರ್ಣಿಸುವುದು ಕಷ್ಟ. ಟ್ರ್ಯಾಕ್ಟರ್ ಟ್ರೈಲರಿನ ಮೇಲೋ ಲಾರಿಯ ಮೇಲೋ ಬಿದಿರಿನ ಗೋಪುರ ಕಟ್ಟಿ, ಇಂಚೂ ಬಿಡದಂತೆ ಸೇವಂತಿಗೆ, ಸುಗಂಧರಾಜ, ಗುಲಾಬಿ ಹೊದಿಸಿ, ಒಳಗೆ ದೇವರನ್ನು ಕೂರಿಸಿ, ರಾತ್ರಿಯಿಡೀ ತಮಟೆಯ ಜೊತೆ ಬೀದಿ ಸುತ್ತುತ್ತಾರೆ. ಒಂದೊಂದು ಬೀದಿಯದು ಒಂದೊಂದು ಪಲ್ಲಕ್ಕಿ. ಯಾವುದು ಎತ್ತರ, ಯಾವುದು ಹೊಸ ಮಾದರಿ ಎಂಬ ಪೈಪೋಟಿ ಊರಿಗೆಲ್ಲ ಗೊತ್ತು, ಆದರೆ ಅಂಕ ಹಾಕುವವರು ಯಾರೂ ಇಲ್ಲ. ಅಪ್ಪ ನಮ್ಮ ಬೀದಿಯ ಪಲ್ಲಕ್ಕಿಗೆ ಲಾರಿ ಕೊಡುತ್ತಿದ್ದ, ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಪಕ್ಕದ ಹಲಗೆ ಕಳಚುತ್ತಿದ್ದರು, ಕ್ಯಾಬಿನ್ನನ್ನು ಮೂತಿಯವರೆಗೆ ಹೂವಿನಲ್ಲಿ ಮುಚ್ಚಿ, ಗಾಜಿನಲ್ಲಿ ಅಂಗೈಯಗಲ ಮಾತ್ರ ಬಿಟ್ಟಿರುತ್ತಿದ್ದರು. ಮಾರನೇ ದಿನ ಬೆಳಿಗ್ಗೆ ಹೂವು ಉದುರಿಸಿ, ತೊಳೆದು, ಮತ್ತೆ ಹಲಗೆ ಬಡಿದು ಮಂಡಿಗೆ.

ಹೀಗಿರುವ ಲಾರಿಯನ್ನು ಪ್ರದರ್ಶನಕ್ಕೆ ಸಜ್ಜು ಮಾಡುವುದೆಂದರೆ ಏನು? ತಂಗಿಯ ಮಗ ಹಳೆಯ ಫೋಟೊ ಒಂದನ್ನು ಹುಡುಕಿ ತಂದ. 1993ರ ಪೂಜೆಯ ದಿನದ್ದು, ಬಾಳೆಕಂದು ಕಟ್ಟಿಕೊಂಡು ನಿಂತ ಕಂದು ಲಾರಿ. ಹೀಗೇ ಬರೆಯಿಸೋಣ, ಇದ್ದ ಹಾಗೇ, ಎಂದ. ಫೋಟೊ ಹಿಡಿದು ಪೇಂಟರ್ ಭಾಯ್ ಮನೆಗೆ ಹೋದೆವು. ಲಾರಿ ಕೆಲಸ ನಿಂತು ಎಷ್ಟೋ ಕಾಲವಾಗಿತ್ತು. ಈಗ ರೇಡಿಯಂ ಅಂಗಡಿಯಲ್ಲಿ ಕಂಪ್ಯೂಟರ್ ಕತ್ತರಿಸಿಕೊಟ್ಟ ಅಕ್ಷರ ಅಂಟಿಸುತ್ತಾರೆ, ಅರ್ಧ ಗಂಟೆಯ ಕೆಲಸ. ಭಾಯ್ ಶಾಲೆಯ ಗೋಡೆಗಳಿಗೆ ಭೂಪಟ, ಅಂಗನವಾಡಿಗೆ ಆನೆ ಮೊಲ ಬರೆದುಕೊಂಡಿದ್ದರು. ಫೋಟೊ ನೋಡಿ ನಕ್ಕರು.

"ಇದು ನಂದೇ ಕೈ. ಆದ್ರೆ ಬೇಟಾ, ಇದನ್ನೇ ಮತ್ತೆ ಬರೆಯೋಕೆ ನಾನ್ಯಾಕೆ? ಸ್ಟುಡಿಯೋಗೆ ಹೋಗಿ ದೊಡ್ಡದು ಮಾಡ್ಸಿ ಅಂಟಿಸ್ಕೊಳ್ಳಿ. ಗಾಡಿಗೆ ಯಾವಾಗ್ಲೂ ಹೊಸದೇ ಬರೀಬೇಕು."

ಹುಡುಗ ಪ್ರದರ್ಶನದ ನಿಯಮ ವಿವರಿಸಲು ಹೋದ. ಭಾಯ್ ಕೇಳಿಸಿಕೊಳ್ಳುತ್ತಲೇ ಅಳಿಲು ಬಾಲದ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟರು. ಅಲ್ಲಿಗೆ ಚರ್ಚೆ ಮುಗಿಯಿತು.

ಅವರು ಬರೆದದ್ದನ್ನು ನಾನು ಈಗಲೂ ಮೆಚ್ಚುತ್ತೇನೆ. ಹಣೆಯ ಮೇಲೆ ಕುರುಡುಮಲೆ ವಿನಾಯಕ ಪ್ರಸನ್ನ ಎಂಬುದು ಹಾಗೇ ಉಳಿಯಿತು, ಕೆಂಪು ಅಕ್ಷರಕ್ಕೆ ಹಳದಿ ನೆರಳು. ಆದರೆ ಹಿಂದಿನ ಡೋರಿನ ಮೇಲೆ ಮೂವತ್ತು ವರ್ಷ ಇದ್ದ ಹದ್ದನ್ನು ಅಳಿಸಿ, ಒಂದು ಕಡೆ ತೋತಾಪುರಿ, ಇನ್ನೊಂದು ಕಡೆ ಟೊಮೆಟೊ ಬರೆದರು. ಲಾರಿಯ ಮೇಲೆ ಟೊಮೆಟೊ ಬರೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹದ್ದು, ಹುಲಿ, ಕಮಲ ಎಲ್ಲ ಸರಿ, ಟೊಮೆಟೊ ಏನು ಬರೆಯುವ ವಸ್ತುವೇ? "ಇಷ್ಟು ವರ್ಷ ಊಟ ಹಾಕಿದ್ದು ಹದ್ದಾ?" ಎಂದು ಭಾಯ್ ಕೇಳಿದ್ದಕ್ಕೆ ಅಪ್ಪ ಜೋರಾಗಿ ತಲೆಯಾಡಿಸಿದ. ಹಣ್ಣಿನ ಕೆನ್ನೆಯ ಮೇಲೆ ಒಂದು ಬಿಳಿ ಚುಕ್ಕೆಯ ಹೊಳಪು ಬಿಟ್ಟು, ತೊಟ್ಟಿನ ಹಸಿರನ್ನು ಕುಂಚದ ಒಂದೇ ಎಳೆತದಲ್ಲಿ ಬಿಡಿಸಿದ್ದರು.

ಶುಕ್ರವಾರ ರಾತ್ರಿ ಹೊರಟೆವು. ಹಗಲು ಬೆಂಗಳೂರಿನೊಳಗೆ ಲಾರಿಗಳನ್ನು ಬಿಡುವುದಿಲ್ಲವಾದ್ದರಿಂದ ಬೆಳಗಾಗುವ ಮೊದಲೇ ಮೈದಾನ ಸೇರಬೇಕಿತ್ತು. ಎಪ್ಪತ್ತು ದಾಟಿದ ಅಪ್ಪನೇ ಸ್ಟೇರಿಂಗ್ ಹಿಡಿದ. ಇದಕ್ಕೆ ಪವರ್ ಸ್ಟೇರಿಂಗ್ ಇಲ್ಲ, ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು ತಿರುಗಿಸಬೇಕು. ಎಂಜಿನ್ನಿನ ಅರ್ಧಭಾಗ ಕ್ಯಾಬಿನ್ನಿನೊಳಗೇ ಚಾಚಿಕೊಂಡಿದೆ. ಅದರ ಶಾಖಕ್ಕೆ ಅಪ್ಪನ ಎಡಗಾಲಿನ ಕೂದಲು ಎಂದೋ ಸುಟ್ಟುಹೋಗಿದೆ. ಹಳೆಯ ಲಾರಿಗಳೇ ಚೆಂದ ಎಂದು ಬರೆಯುವವರನ್ನು ಮೇ ತಿಂಗಳ ಮಧ್ಯಾಹ್ನ ನಂಗಲಿಯಿಂದ ಹೊಸಕೋಟೆಯವರೆಗೆ ಇದರಲ್ಲಿ ಕೂರಿಸಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ ಮೂರೂವರೆ ಟನ್ ಮೀರಿದ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದ್ದಾರೆ. ಅಪ್ಪನಿಗೆ ಅದನ್ನು ಓದಿ ಹೇಳಿದಾಗ "ಈಗ್ಲಾದ್ರೂ ಬುದ್ಧಿ ಬಂತಲ್ಲ" ಅಂದ.

ಹೊಸಕೋಟೆ ತಲುಪಿದಾಗ ಬೆಳಗಿನ ಜಾವ. ವಾರಾಂತ್ಯದ ಆ ಹೊತ್ತಿನಲ್ಲಿ ಅಲ್ಲಿ ಬಿರಿಯಾನಿಗೆ ಸಾಲು ನಿಲ್ಲುವುದು ಈಗ ಒಂದು ಶೋಕಿಯಾಗಿದೆ. ಬೆಂಗಳೂರಿನಿಂದ ಕಾರು ತುಂಬಿಕೊಂಡು ಬಂದ ಹುಡುಗರು ಹುಡುಗಿಯರು ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಟೀಗೆಂದು ನಿಲ್ಲಿಸಿದೆವು. ಐದೇ ನಿಮಿಷದಲ್ಲಿ ಲಾರಿಯ ಸುತ್ತ ಮೊಬೈಲುಗಳು. ಒಬ್ಬಳು ಟೊಮೆಟೊ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಳು. ಅಪ್ಪ ಬಾನೆಟ್ ಎತ್ತಿ ಆಯಿಲ್ ನೋಡುತ್ತಾ ಯಾರನ್ನೂ ಗಮನಿಸಲಿಲ್ಲ. ಇದೇ ಹೊಸಕೋಟೆಯಲ್ಲಿ 1998ರಲ್ಲಿ ವೋಲ್ವೊದವರು ಲಾರಿ ತಯಾರಿಸತೊಡಗಿದಾಗ ಅಪ್ಪ ಗೆಳೆಯರ ಜೊತೆ ಕಾರ್ಖಾನೆಯ ಗೇಟಿನ ಹೊರಗೆ ನಿಂತು ನೋಡಿ ಬಂದಿದ್ದ. ಕ್ಯಾಬಿನ್ ಸಮೇತ, ಮಲಗುವ ಹಾಸಿಗೆ ಸಮೇತ ಹೊರಬರುವ ಲಾರಿ. "ಅದಕ್ಕೆ ನಾವು ಮಾಡೋಕೆ ಏನೂ ಬಿಟ್ಟಿಲ್ಲ" ಎಂದು ಮನೆಯಲ್ಲಿ ಹೇಳಿದ್ದನ್ನು ಅಮ್ಮ ಆಗಾಗ ನೆನೆಯುತ್ತಾಳೆ. ಮೆಚ್ಚಿಕೊಂಡು ಹೇಳಿದ್ದೋ ಬೇಜಾರಿನಲ್ಲೋ ಅವಳಿಗೂ ತಿಳಿಯಲಿಲ್ಲವಂತೆ.

ಮೈದಾನದಲ್ಲಿ ನಮ್ಮನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಮೊದಲ ಸಮಸ್ಯೆ. ಹಳೆಯ ಕಾರುಗಳ ಸಾಲಿನಲ್ಲಿ ಫಿಯೆಟ್, ಅಂಬಾಸಿಡರ್, ಒಂದೆರಡು ವಿದೇಶಿ ಗಾಡಿಗಳು. ಕಂಪನಿಯಿಂದ ಬಂದಾಗ ಹೇಗಿದ್ದವೋ ಹಾಗೇ, ಒಂದು ಸ್ಕ್ರೂ ಕೂಡ ಬದಲಾಗದಂತೆ ಕಾಪಾಡಿದ್ದರು. ನಿಜಕ್ಕೂ ಕಷ್ಟದ ಕೆಲಸ ಅದು. ಇನ್ನೊಂದು ಸಾಲು ಮಾರ್ಪಡಿಸಿದ ವಾಹನಗಳದ್ದು. ಎದೆಯೆತ್ತರದ ಟೈರು ಹಾಕಿದ ಜೀಪುಗಳು, ನೆಲಕ್ಕೆ ಹೊಟ್ಟೆ ತಾಗುವಷ್ಟು ಇಳಿಸಿದ ಮಾರುತಿಗಳು, ನೇರಳೆ ದೀಪ ಸುತ್ತಿದ ಒಂದು ಕಾಂಟೆಸಾ. ಸ್ವಯಂಸೇವಕ ಹುಡುಗ ನಮ್ಮ ಅರ್ಜಿ ನೋಡಿದ. ನಾನು ಎರಡೂ ಚೌಕಕ್ಕೆ ಗುರುತು ಹಾಕಿದ್ದೆ. "ಸಾರ್, ಎರಡೂ ಆಗಲ್ಲ" ಅಂದ. ಕೊನೆಗೆ ಮಾರ್ಪಾಡಿನ ಸಾಲಿನ ತುದಿಯಲ್ಲಿ, ಜನರೇಟರ್ ಪಕ್ಕ, ಜಾಗ ಸಿಕ್ಕಿತು.

ತೀರ್ಪುಗಾರರು ಮೂವರು. ಬಹಳ ಮರ್ಯಾದೆಯ ಜನ. ಒಬ್ಬರು ಬಗ್ಗಿ ಲಾರಿಯ ಕೆಳಗೆಲ್ಲ ನೋಡಿ, ಕಂಪನಿಯ ಕ್ಯಾಬಿನ್ ಇಟ್ಟುಕೊಂಡಿದ್ದೀರಾ ಎಂದು ಕೇಳಿದರು. ಕಂಪನಿ ಕ್ಯಾಬಿನ್ ಕೊಟ್ಟಿರಲಿಲ್ಲ ಎಂದೆ. ಹಾಗಾದರೆ ಮಾರ್ಪಾಡಿಗೆ ಮೊದಲು ಏನಿತ್ತು? ಅಪ್ಪ ನಡುವೆ ಬಾಯಿ ಹಾಕಿದ: "ಮೊದ್ಲು ನಾನು ಹಲಗೆ ಮೇಲೆ ಕೂತಿದ್ದೆ ಸಾರ್." ಮೂವರೂ ನಕ್ಕರು. ಆದರೆ ಅವರ ಕೈಯಲ್ಲಿದ್ದ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಅದು ಅವರ ತಪ್ಪೂ ಅಲ್ಲ. ಕಾರು ಕಾರ್ಖಾನೆಯಲ್ಲಿ ಹುಟ್ಟಿ ಮುಗಿಯುತ್ತದೆ, ಆಮೇಲೆ ಮಾಡುವುದೆಲ್ಲ ಅದರ ಮೇಲಿನ ಬದಲಾವಣೆ. ನಮ್ಮ ಲಾರಿ ಕಾರ್ಖಾನೆಯಲ್ಲಿ ಮುಗಿದೇ ಇರಲಿಲ್ಲ. ಪಾಯ ಹಾಕಿ ಬಿಟ್ಟ ಮನೆಯನ್ನು ಕೊಂಡವನು ಗೋಡೆ ಎಬ್ಬಿಸಿದರೆ ಅದನ್ನು ರಿಪೇರಿ ಎನ್ನಲಾದೀತೆ?

ಕಾನೂನಿನ ಕಣ್ಣೂ ಕಾರಿನ ಮೇಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ್ದಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ರಸ್ತೆಯ ಮೇಲಿನ ಉಳಿದವರ ಜೀವದ ದೃಷ್ಟಿಯಿಂದ ನನಗೂ ಅದು ಸರಿಯೇ ಅನ್ನಿಸುತ್ತದೆ. ಆ ಜೀಪುಗಳ ಟೈರು ನೋಡಿದ ಮೇಲಂತೂ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದೂ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರ. ಈ ಸೌಲಭ್ಯ ಇರುವುದು ದ್ವಿಚಕ್ರ ವಾಹನಕ್ಕೆ, ಜನ ಓಡಾಡುವ ಸ್ವಂತ ಕಾರಿಗೆ. ಸರಕು ಹೊತ್ತ ಲಾರಿಗೆ ಇಲ್ಲ. ರಾಜ ಕೂತ ಕಾರು ಹಳೆಯದಾದರೆ ಪರಂಪರೆ. ರಾಜನ ಅರಮನೆಗೆ ಹೆಂಚು ಹೊತ್ತ ಲಾರಿ ಹಳೆಯದಾದರೆ ಗುಜರಿ.

ಲೋಕದಲ್ಲಿ ಎಲ್ಲೆಡೆಯೂ ಹೀಗಿಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯವರು 2002ರ ಜಾನಪದ ಉತ್ಸವಕ್ಕೆ ಕರಾಚಿಯ ಹೈದರ್ ಅಲಿ ಎಂಬ ಲಾರಿ ಕಲಾವಿದರನ್ನು ಕರೆಸಿ, ಅಲ್ಲಿನ ಬಯಲಿನಲ್ಲೇ ಇಡೀ ಲಾರಿಯೊಂದಕ್ಕೆ ಬಣ್ಣ ಬರೆಸಿದರು. ಜಪಾನಿನಲ್ಲಿ 1975ರಲ್ಲಿ ಬಂದ ತೊರಾಕ್ಕು ಯಾರೋ ಎಂಬ ಸಿನಿಮಾ ನೋಡಿ ಎಷ್ಟೋ ಲಾರಿಗಳವರು ಸಾಲುದೀಪ, ಕ್ರೋಮಿಯಂ ತಗಡು ಹೊಡೆಸಿಕೊಳ್ಳುವ ಹುಚ್ಚು ಹಿಡಿಸಿಕೊಂಡರು. ಡೆಕೊತೋರಾ ಎನ್ನುತ್ತಾರೆ ಅದಕ್ಕೆ. ಭಾಯ್‌ಗೆ ಹೈದರ್ ಅಲಿಯವರ ಲಾರಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ್ದೆ. ಬಹಳ ಹೊತ್ತು ನೋಡಿ, "ಜಾಗ ಜಾಸ್ತಿ ಕೊಟ್ಟವ್ರೆ ಅವ್ರಿಗೆ" ಅಂದರು.

ಬಹುಮಾನ ಕಾಂಟೆಸಾಗೆ ಹೋಯಿತು. ನಮಗೆ ಭಾಗವಹಿಸಿದ್ದಕ್ಕೆ ಒಂದು ಪದಕ. ಹುಡುಗನಿಗೆ ಸ್ವಲ್ಪ ಸಿಟ್ಟು ಬಂತು, ಅಪ್ಪನಿಗೆ ಬರಲಿಲ್ಲ. ಎರಡು ದಿನವೂ ಅಪ್ಪ ಫುಟ್‌ಬೋರ್ಡಿನ ಮೇಲೆ ಕೂತು ಬಂದವರಿಗೆಲ್ಲ ಉತ್ತರ ಕೊಟ್ಟ. ಕೇಳುತ್ತಿದ್ದವರಲ್ಲಿ ಬಹಳ ಮಂದಿಯ ತಾತನೋ ದೊಡ್ಡಪ್ಪನೋ ಲಾರಿ ಇಟ್ಟಿದ್ದವರು. ಒಬ್ಬರು ಬಾಗಿಲ ಹಿಡಿ ತಿರುಗಿಸಿ ನೋಡಿ, ನಮ್ಮನೇದಕ್ಕೂ ಇದೇ ಶಬ್ದ ಬರ್ತಿತ್ತು ಎಂದರು. ಭಾನುವಾರ ಮಧ್ಯಾಹ್ನ ಗಡ್ಡ ಬಿಟ್ಟ ಒಬ್ಬ ಬಂದು, ತಾನು ಕಾಫಿ ಅಂಗಡಿ ನಡೆಸುತ್ತೇನೆ, ಹಿಂದಿನ ಡೋರನ್ನು ಮಾತ್ರ ಕಳಚಿ ಕೊಡುತ್ತೀರಾ, ಗೋಡೆಗೆ ಹಾಕಬೇಕು ಎಂದ. ಹೇಳಿದ ಮೊತ್ತ ಚಿಕ್ಕದೇನಲ್ಲ.

"ಡೋರ್ ಕೊಟ್ರೆ ಕ್ರೇಟು ಬೀಳ್ತವಲ್ಲಪ್ಪ" ಅಂದ ಅಪ್ಪ.

"ಹೊಸ ಡೋರ್ ಹಾಕಿಸಿಕೊಡ್ತೀನಿ ಸಾರ್, ಖಾಲಿದು."

"ಅದನ್ನೇ ನಿನ್ನ ಗೋಡೆಗೆ ಹಾಕ್ಕೋ. ಭಾಯ್ ನಂಬರ್ ಕೊಡ್ತೀನಿ, ಬಂದು ಬರ್ಕೊಡ್ತಾರೆ."

ಇದು ಮಾತಿನ ಚಮತ್ಕಾರವಲ್ಲ, ಅಪ್ಪ ನಿಜವಾಗಿಯೂ ನಂಬರ್ ಕೊಟ್ಟ. ಭಾಯ್ ಮುಂದೆ ಆ ಅಂಗಡಿಗೆ ಹೋಗಿ ಎರಡು ಡೋರು ಬರೆದು ಬಂದರು. ಒಂದರಲ್ಲಿ ಹದ್ದೇ ಬೇಕೆಂದು ಕೇಳಿದರಂತೆ.

ಸಂಜೆ ಎಲ್ಲರೂ ಗಾಡಿಗಳಿಗೆ ಹೊದಿಕೆ ಹಾಕಿ, ಟ್ರೈಲರ್ ಮೇಲೆ ಏರಿಸಿಕೊಂಡು ಹೊರಡುತ್ತಿದ್ದರೆ, ಅಪ್ಪ ಫೋನಿನಲ್ಲಿ ಯಾರ ಜೊತೆಗೋ ಚೌಕಾಸಿ ಮಾಡುತ್ತಿದ್ದ. ಖಾಲಿ ಗಾಡಿ ಊರಿಗೆ ತಂದವನು ಲಾರಿಯವನೇ ಅಲ್ಲ ಎಂಬುದು ಅವನ ಹಳೆಯ ನಂಬಿಕೆ. ತರಕಾರಿ ಮಂಡಿಯೊಂದರಲ್ಲಿ ಕೋಲಾರ ಎಪಿಎಂಸಿಗೆ ವಾಪಸ್ ಕಳಿಸಬೇಕಾದ ಖಾಲಿ ಟೊಮೆಟೊ ಕ್ರೇಟುಗಳು ಬಿದ್ದಿದ್ದವು. ಟೊಮೆಟೊಗೆ ಆಗ ಕೇಳುವವರಿಲ್ಲ. ಅದೇ ವರ್ಷ ಜುಲೈನಲ್ಲಿ 15 ಕೆ.ಜಿ. ಬಾಕ್ಸಿಗೆ ಎರಡು ಸಾವಿರ ದಾಟಿ, ಟೊಮೆಟೊ ತುಂಬಿದ ಗಾಡಿಗಳನ್ನೇ ಕದ್ದೊಯ್ಯುವ ಕಾಲ ಬರುತ್ತದೆಂದು ಜನವರಿಯಲ್ಲಿ ಯಾರಿಗೆ ಗೊತ್ತು? ಬಾಡಿಗೆ ಡೀಸೆಲ್ಲಿಗೆ ಸರಿಹೋಗುವಷ್ಟಾದರೆ ಸಾಕೆಂದು ಅಪ್ಪ ಒಪ್ಪಿದ.

ರಾತ್ರಿ ಲಾರಿಗಳನ್ನು ಬಿಡುವ ಹೊತ್ತಿಗೆ ಮಂಡಿಗೆ ಹೋದೆವು. ಹಮಾಲಿ ಹುಡುಗರು ಕ್ರೇಟುಗಳನ್ನು ಐದೈದರ ಕಟ್ಟಿನಲ್ಲಿ ಕೆಳಗಿನಿಂದಲೇ ಮೇಲಕ್ಕೆ ಎಸೆಯತೊಡಗಿದರು. ಮೂರನೆಯದೋ ನಾಲ್ಕನೆಯದೋ ಕಟ್ಟಿಗೆ ಡೋರಿನ ಮೇಲಿನ ಟೊಮೆಟೊ ಮೇಲೆ ಗೇಣುದ್ದ ಗೀರು ಬಿತ್ತು. ಪದಕ ಇನ್ನೂ ಕೊರಳಲ್ಲೇ ಇದ್ದ ತಂಗಿಯ ಮಗ "ಅಯ್ಯೋ ತಾತ, ಪೇಂಟು!" ಎಂದು ಕೂಗಿ ಓಡಿಬಂದ.

"ಕೂಗ್ಬೇಡ್ವೋ, ಲೆಕ್ಕ ತಪ್ತದೆ" ಅಂದ ಅಪ್ಪ. ಒಂದು ಕ್ರೇಟು ಕಮ್ಮಿಯಾದರೂ ಕೋಲಾರದಲ್ಲಿ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತಾರೆ. ಪದಕ ಜೇಬಿಗೆ ಹಾಕಿಕೊಂಡು ಹುಡುಗನೂ ಎಣಿಸಲು ನಿಂತ.